ದುಡ್ಡಿರೋ ದೇಶ ಸುಖವಾಗಿರತ್ತಾ? ಹ್ಯಾಪಿನೆಸ್ ರಿಪೋರ್ಟ್‌ನ ನಾವೇ ಓದಿ ತಿಳ್ಕೊಳೋದು ಹೇಗೆ

ಪ್ರತಿ ವರ್ಷ ಮಾರ್ಚ್ 20 ಹತ್ರ ಬಂತು ಅಂದ್ರೆ, ಯಾವ ದೇಶದ ಜನ ಎಷ್ಟು ಸುಖವಾಗಿದಾರೆ ಅಂತ ರ‍್ಯಾಂಕ್ ಕೊಡೋ ವರ್ಲ್ಡ್ ಹ್ಯಾಪಿನೆಸ್ ರಿಪೋರ್ಟ್ ಬರತ್ತೆ, ಅದೇ ನ್ಯೂಸ್, ಫಿನ್ಲೆಂಡ್ ಫಸ್ಟು, ಇಂಡಿಯಾ ನೂರರ ಆಚೆ ಎಲ್ಲೋ (2025ರಲ್ಲಿ 118), ಆಮೇಲೆ ಫ್ಯಾಮಿಲಿ ಗ್ರೂಪಲ್ಲಿ ಎರಡು ಪಾರ್ಟಿ ಆಗೋಗತ್ತೆ, ಒಬ್ರು "ದುಡ್ಡೇ ದೊಡ್ಡಪ್ಪ ಕಣ್ರೀ, ಅವರತ್ರ ಇದೆ, ಸುಖವಾಗಿದಾರೆ" ಅಂತಾರೆ, ಇನ್ನೊಬ್ರು "ಭೂತಾನ್ ನೋಡಿ, ದುಡ್ಡಿಲ್ದೇನೇ ನಂಬರ್ ಒನ್" ಅಂತಾರೆ. ಭೂತಾನ್ 2019ರ ಲಿಸ್ಟಲ್ಲಿ ಇದ್ದಿದ್ದು 95ನೇ ಜಾಗದಲ್ಲಿ. ಅವರ 2008ರ ಸಂವಿಧಾನದಲ್ಲೇ ಒಟ್ಟು ರಾಷ್ಟ್ರೀಯ ಸಂತೋಷ ಅಂತ ಬರ್ಕೊಂಡಿದಾರೆ, ಅದು ನಿಜ, ಆದ್ರೆ ಗುರಿ ಬೇರೆ ರ‍್ಯಾಂಕ್ ಬೇರೆ.

ಹಂಗಾಗಿ ರ‍್ಯಾಂಕ್ ನೋಡೋಕೂ ಮುಂಚೆ ಏನು ಪ್ರಶ್ನೆ ಕೇಳಿದ್ರು ಅಂತ ನೋಡಿ. ರ‍್ಯಾಂಕಿಗೆ ಲೆಕ್ಕಕ್ಕೆ ತಗೊಳೋದು ಒಂದೇ ಪ್ರಶ್ನೆ. ಒಂದು ಏಣಿ ಇದೆ ಅಂದ್ಕೊಳಿ, ಕೆಳಗೆ 0, ತುದೀಲಿ 10, ತುದಿ ಅಂದ್ರೆ ನಿಮಗೆ ಸಿಗಬಹುದಾದ ಅತಿ ಒಳ್ಳೆ ಬದುಕು, ಬುಡ ಅಂದ್ರೆ ಅತಿ ಕೆಟ್ಟದ್ದು, ಈಗ ಯಾವ ಮೆಟ್ಟಿಲ ಮೇಲೆ ನಿಂತಿದೀರ? ಸಮೀಕ್ಷೆ ಮಾಡೋ ಕಂಪನಿ ಗ್ಯಾಲಪ್‌ನವರು ಸಾಮಾನ್ಯವಾಗಿ ಒಂದೊಂದು ದೇಶದಲ್ಲಿ ವರ್ಷಕ್ಕೆ ಸುಮಾರು ಸಾವಿರ ಜನಕ್ಕೆ ಕೇಳ್ತಾರೆ, ಮೂರು ವರ್ಷದ ಸರಾಸರಿ ತಗೋತಾರೆ, ಅಷ್ಟೇ ರ‍್ಯಾಂಕು. 2025ರಲ್ಲಿ ಫಿನ್ಲೆಂಡ್ 7.74, ನಾವು 4.39. ಆದಾಯ, ಆಯಸ್ಸು, ಭ್ರಷ್ಟಾಚಾರ ಅಂತ ಬಣ್ಣಬಣ್ಣದ ಪಟ್ಟಿ ಇರತ್ತಲ್ಲ, ಅದನ್ನೆಲ್ಲ ಕೂಡಿಸಿ ಅಂಕ ಕೊಡ್ತಾರೆ ಅಂತ ತುಂಬಾ ಜನ ಅಂದ್ಕೊಂಡಿದಾರೆ, ಹಂಗಲ್ಲ, ಜನ ಹೇಳಿದ ಅಂಕಕ್ಕೆ ಕಾರಣ ಏನಿರಬಹುದು ಅಂತ ಆಮೇಲೆ ಹಾಕೋ ಲೆಕ್ಕ ಅದು. ಇನ್ನೊಂದು, ನಿನ್ನೆ ನಕ್ಕಿದ್ರಾ, ಬೇಜಾರಾಗಿತ್ತಾ ಅನ್ನೋದು ಬೇರೆ ಪ್ರಶ್ನೆ. ಏಣಿ ಪ್ರಶ್ನೇಲಿ ದುಡ್ಡಿನ ಎಫೆಕ್ಟ್ ಜಾಸ್ತಿ ಕಾಣತ್ತೆ, ನಗು ಅಳು ಪ್ರಶ್ನೇಲಿ ಕಮ್ಮಿ.

ಆಮೇಲೆ ಆದಾಯದ ಲೆಕ್ಕ. ಇಲ್ಲಿ ರೂಪಾಯಿ ಎಣಿಸ್ಬೇಡಿ, ಎಷ್ಟು ಪಟ್ಟು ಅಂತ ಎಣಿಸಿ. ತಿಂಗಳಿಗೆ 10 ಸಾವಿರ ದುಡಿಯೋರಿಗೆ ಇನ್ನೊಂದು 10 ಸಾವಿರ ಬಂದ್ರೆ ಮಕ್ಕಳ ಫೀಸು, ಔಷಧಿ, ಬಡ್ಡಿ ಸಾಲ ಎಲ್ಲ ಬದಲಾಗತ್ತೆ, ಅದೇ 10 ಸಾವಿರ ಎರಡು ಲಕ್ಷದ ಸಂಬಳದಲ್ಲಿ ಸೇರಿದ್ರೆ ಗೊತ್ತೇ ಆಗಲ್ಲ. ದೇಶಗಳ ಗ್ರಾಫಲ್ಲೂ ಹಿಂಗೇ, ಆದಾಯ ಡಬಲ್ ಆದಷ್ಟು ಸಲ ಅಂಕ ಹೆಚ್ಚುಕಮ್ಮಿ ಒಂದೇ ಅಳತೆ ಮೇಲೆ ಹೋಗತ್ತೆ. ಅಂದ್ರೆ ಬಡವರಿಗೆ ದುಡ್ಡು ಮುಖ್ಯ ಅಲ್ಲ ಅಂತ ಹೇಳೋರ ಮಾತು ನಂಬಲೇಬೇಡಿ, ಈ ವಿಷಯದಲ್ಲಿ ನಂಗೆ ಯಾವ ಡೌಟೂ ಇಲ್ಲ. ವರ್ಷಕ್ಕೆ 75 ಸಾವಿರ ಡಾಲರ್ ದಾಟಿದ್ರೆ ಸುಖ ಹೆಚ್ಚಾಗಲ್ಲ ಅನ್ನೋ ಫಾರ್ವರ್ಡ್ ಬಂದ್ರೂ ಹುಷಾರು. ಅದು ಮನಶ್ಶಾಸ್ತ್ರಜ್ಞ ಕಾನೆಮನ್ ಮತ್ತು ಅರ್ಥಶಾಸ್ತ್ರಜ್ಞ ಡೀಟನ್ 2010ರಲ್ಲಿ ಅಮೆರಿಕದ ಬಗ್ಗೆ ಹೇಳಿದ್ದು, 2023ರಲ್ಲಿ ಕಾನೆಮನ್ ಅವರೇ ಅದನ್ನ ಒಪ್ಪದೇ ಇದ್ದ ಸಂಶೋಧಕ ಕಿಲ್ಲಿಂಗ್ಸ್‌ವರ್ತ್ ಜೊತೆ ಕೂತು ತಿದ್ದಿದಾರೆ, ಹೆಚ್ಚಿನವರಿಗೆ ಏರ್ತಾನೇ ಹೋಗತ್ತೆ, ತುಂಬಾ ನೊಂದಿರೋರ ಗುಂಪಲ್ಲಿ ಮಾತ್ರ ಒಂದು ಮಟ್ಟ ಆದ್ಮೇಲೆ ನಿಂತೋಗತ್ತೆ.

ಈಗ ಮುಖ್ಯವಾದ್ದು, ದೇಶ ದೇಶ ಹೋಲಿಸೋದು ಬಿಟ್ಟು ಒಂದೇ ದೇಶವನ್ನ ಇಪ್ಪತ್ತು ವರ್ಷ ನೋಡಿ. 1974ರಲ್ಲಿ ಅರ್ಥಶಾಸ್ತ್ರಜ್ಞ ರಿಚರ್ಡ್ ಈಸ್ಟರ್ಲಿನ್ ಎತ್ತಿದ ಪ್ರಶ್ನೆ ಇದೇ, ಶ್ರೀಮಂತರು ಬಡವರಿಗಿಂತ ಸುಖಿಗಳು ಸರಿ, ಆದ್ರೆ ದೇಶಕ್ಕೆ ದೇಶವೇ ಶ್ರೀಮಂತ ಆದಾಗ ಯಾಕೆ ಅಷ್ಟೇ ಸುಖ ಏರಲ್ಲ? ಸ್ಟೀವನ್ಸನ್, ವುಲ್ಫರ್ಸ್ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು 2008ರಲ್ಲಿ ಏರತ್ತೆ ಅಂತ ವಾದ ಮಾಡಿದ್ರು, ಜಗಳ ಇನ್ನೂ ಮುಗ್ದಿಲ್ಲ. ನಂಗೆ ಚೀನಾ ಕತೆ ಎಲ್ಲಕ್ಕಿಂತ ಕಣ್ಣು ತೆರೆಸ್ತು. 1990ರಿಂದ 2010ರೊಳಗೆ ಅಲ್ಲಿ ತಲಾ ಬಳಕೆ ನಾಲ್ಕು ಪಟ್ಟು ಆಯ್ತು, ಟಿವಿ, ಫ್ರಿಜ್, ವಾಷಿಂಗ್ ಮೆಷಿನ್ ಎಲ್ಲ ಮನೆಗೆ ಬಂತು, ಆದ್ರೆ ಜನರ ತೃಪ್ತಿ ಮೊದಲ ಹತ್ತು ಹದಿನೈದು ವರ್ಷ ಇಳೀತಾ ಹೋಯ್ತು, ಆಮೇಲಷ್ಟೇ ನಿಧಾನಕ್ಕೆ ಏರಿದ್ದು, ಹೆಚ್ಚು ಪೆಟ್ಟು ಬಿದ್ದಿದ್ದು ಕಮ್ಮಿ ಆದಾಯದವರಿಗೆ. ಯಾಕಂದ್ರೆ ಸರ್ಕಾರಿ ಫ್ಯಾಕ್ಟರಿ ಕೆಲಸ ಅಂದ್ರೆ ಅವರಿಗೆ ಸಂಬಳ ಒಂದೇ ಅಲ್ಲ, ಮನೆ, ಆಸ್ಪತ್ರೆ, ಪಿಂಚಣಿ ಎಲ್ಲಾನೂ ಅದೇ, ಕಬ್ಬಿಣದ ಅನ್ನದ ಬಟ್ಟಲು ಅಂತಿದ್ರು ಅದನ್ನ. ತೊಂಬತ್ತರ ದಶಕದ ಕೊನೇಲಿ ಕೋಟ್ಯಂತರ ಜನರ ಕೈಯಿಂದ ಆ ಬಟ್ಟಲು ಹೋಯ್ತು. ನಮ್ಮ ಕೆಜಿಎಫ್‌ನವರಿಗೆ ಇದನ್ನ ಬಿಡಿಸಿ ಹೇಳ್ಬೇಕಿಲ್ಲ, 2001ರಲ್ಲಿ ಚಿನ್ನದ ಗಣಿ ಮುಚ್ಚಿದಾಗ ಸಂಬಳದ ಜೊತೆ ಕಂಪನಿ ಆಸ್ಪತ್ರೆನೂ ಹೋಯ್ತು. ಹಂಗಾಗಿ ಯಾವುದೇ ದೇಶದ ಆದಾಯ ಏರಿದೆ ಅಂತ ಓದಿದ್ರೆ ಪಕ್ಕದಲ್ಲೇ ಬರ್ಕೊಳಿ: ಕೆಲಸ ಹೋದ್ರೆ ಏನು ಗತಿ, ಕಾಯಿಲೆ ಬಂದ್ರೆ ಯಾರು ಕೊಡ್ತಾರೆ?

ಆದಾಯ-ಸುಖದ ಗ್ರಾಫಿನ ಗೆರೆಯಿಂದ ಆಚೀಚೆ ಹೋಗಿರೋ ದೇಶಗಳನ್ನೂ ಹುಡುಕಿ. 2025ರಲ್ಲಿ ಕೋಸ್ಟರಿಕಾ 6ನೇ ಜಾಗ, ಅದಕ್ಕಿಂತ ಎಷ್ಟೋ ಶ್ರೀಮಂತ ಅಮೆರಿಕ 24ನೇ ಜಾಗ. ಇಲ್ಲಿ ನೋಡ್ಬೇಕಾದ ಕಾಲಮ್ಮು "ಕಷ್ಟಕ್ಕೆ ಆಗೋರು ಇದಾರಾ" ಅನ್ನೋದು, ಜೊತೆಗೆ ಜನ ಒಬ್ಬರನ್ನೊಬ್ಬರು ಎಷ್ಟು ನಂಬ್ತಾರೆ ಅನ್ನೋದು. 2013ರಲ್ಲಿ ರೀಡರ್ಸ್ ಡೈಜೆಸ್ಟ್‌ನವರು 16 ನಗರಗಳಲ್ಲಿ ಹನ್ನೆರಡು ಹನ್ನೆರಡು ಪರ್ಸ್ ಬೀಳಿಸಿ ನೋಡಿದ್ರು, ಹೆಲ್ಸಿಂಕಿಯಲ್ಲಿ 11 ವಾಪಸ್ ಬಂತು, ಎರಡನೇ ಜಾಗ ನಮ್ಮ ಮುಂಬೈ, 9. ಅಷ್ಟು ದುಡ್ಡಿಲ್ದೇ ಇರೋ ಊರಲ್ಲೂ ಇದು ಇದೆ ಅಂತ ಓದಿದಾಗ ನಂಗೆ ಎದೆ ತುಂಬಿ ಬಂತು.

ಕೊನೇದಾಗಿ ನೀವೇ ಕೇಳಿ ನೋಡಿ. ಮನೇಲಿ, ಬೀದೀಲಿ ಒಂದು ಹತ್ತು ಜನಕ್ಕೆ ಏಣಿ ಪ್ರಶ್ನೆ ಕೇಳಿ, ಒಬ್ಬೊಬ್ಬರನ್ನೇ ಕೇಳಿ, ಗಂಡನ ಎದುರಿಗೆ ಹೆಂಡತೀನ ಕೇಳ್ಬೇಡಿ, ಸಂಬಳದ ದಿನ, ಹಬ್ಬದ ದಿನ ಬೇಡ. ಅಂಕ ಬರ್ಕೊಂಡು ಆಮೇಲೆ ಎರಡು ಕೇಳಿ, ಹೋದ ವರ್ಷ ಮನೆಗೆ ಏನು ಹೊಸದು ಬಂತು, ರಾತ್ರಿ ಎರಡು ಗಂಟೆಗೆ ಆಸ್ಪತ್ರೆಗೆ ಹೋಗ್ಬೇಕಾದ್ರೆ ಯಾರಿಗೆ ಫೋನ್ ಮಾಡ್ತೀರಾ. ತಾರೀಖು ಹಾಕಿಟ್ಟು ಆರು ತಿಂಗಳಾದ್ಮೇಲೆ ಅವರನ್ನೇ ಮತ್ತೆ ಕೇಳಿ. ಪ್ರಶ್ನೆ ಕೇಳೋವಾಗ "ನಿಮ್ಮೊಬ್ಬರ ಬದುಕು" ಅಂತ ಒತ್ತಿ ಹೇಳಿ, ನಮ್ಮಮ್ಮನಿಗೆ ಕೇಳಿದಾಗ ಅವರು ಮೊದಲು ವಾಪಸ್ ಕೇಳಿದ್ದೇ "ನಂದೊಬ್ಬಳದಾ, ಮನೆಯವರೆಲ್ಲರದಾ?" ಅಂತ.