ಸೋರುವ ಕಿವಿ ಮಂದವಾಗುತ್ತಿದೆಯೇ? ಬೇಗ ಪತ್ತೆ ಮಾಡುವುದು ಹೀಗೆ

ನಮ್ಮ ಚಿಕ್ಕಪ್ಪನ ಎಡಗಿವಿ ಚಿಕ್ಕಂದಿನಿಂದ ಸೋರುತ್ತಿತ್ತು. ಸೋರಿದಾಗ ಹತ್ತಿ, ಒಣಗಿದಾಗ ಮರೆವು. ಕಿವಿ ಮಂದ ಅಂತ ಮನೆಯಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ಫೋನು ಮಾತ್ರ ಸದಾ ಬಲಗಿವಿಗೆ. ಬಿಎಂಟಿಸಿ ಬಸ್ಸಿನಲ್ಲಿ ಎಡಗಡೆ ಕಿಟಕಿ ಸೀಟೇ ಆಗಬೇಕು, ಜೊತೆಗಿರುವವರು ಬಲಕ್ಕೆ ಕೂರಲಿ ಅಂತ. ಒಮ್ಮೆ ಬಲಗೈಗೆ ಪಟ್ಟಿ ಬಿದ್ದು, ಫೋನನ್ನು ಎಡಗಿವಿಗೆ ಹಿಡಿದರು. ‘ಲೈನ್ ಕಟ್ಟಾಯ್ತು ಕಣೋ’ ಅಂತ ಇಟ್ಟೇಬಿಟ್ಟರು. ಲೈನ್ ಚೆನ್ನಾಗಿಯೇ ಇತ್ತು. ಆ ಕಡೆ ಮಾತಾಡುತ್ತಿದ್ದವನು ನಾನೇ.

ಒಳ್ಳೆ ಕಿವಿ ಹೀಗೆ ಕೆಟ್ಟ ಕಿವಿಯನ್ನು ವರ್ಷಗಟ್ಟಲೆ ಮುಚ್ಚಿಡುತ್ತದೆ. ಹಾಗಾಗಿ ಏನೇ ಪರೀಕ್ಷೆ ಮಾಡಿದರೂ ಒಂದೊಂದೇ ಕಿವಿಗೆ ಮಾಡಿ.

1. ಮನೆಯಲ್ಲಿ

ಒಂದೇ ವಾಲ್ಯೂಮ್‌ನಲ್ಲಿ ಫೋನನ್ನು ಒಂದು ನಿಮಿಷ ಬಲಗಿವಿಗೆ, ಒಂದು ನಿಮಿಷ ಎಡಗಿವಿಗೆ ಹಿಡಿಯಿರಿ. ಸ್ಪೀಕರ್ ಬೇಡ. ಆಮೇಲೆ ಬಾಯಿ ಮುಚ್ಚಿ ‘ಮ್ಮ್ಮ್’ ಅನ್ನಿ. ಕಿವಿಯೊಳಗಿನ ತಮಟೆ (ಸದ್ದಿಗೆ ನಡುಗುವ ತೆಳು ಪೊರೆ) ತೂತಾಗಿಯೋ ನೀರು ತುಂಬಿಯೋ ಮಂದವಾದ ಕಿವಿಯಲ್ಲೇ ಆ ಸದ್ದು ಜಾಸ್ತಿ ಕೇಳಿಸುತ್ತದೆ. ನಂಬಿಕೆ ಬರದಿದ್ದರೆ ಒಂದು ಕಿವಿಗೆ ಬೆರಳಿಟ್ಟು ‘ಮ್ಮ್ಮ್’ ಅಂದು ನೋಡಿ, ಸದ್ದು ಆ ಕಡೆಗೇ ಹೋಗುತ್ತದೆ. ಮಂದ ಕಿವಿ ಬಿಟ್ಟು ಒಳ್ಳೆ ಕಿವಿಯಲ್ಲೇ ಸದ್ದು ಜೋರಾದರೆ ಒಳಗಿವಿಗೇ ಪೆಟ್ಟು ಬಿದ್ದಿರಬಹುದು. ಆಗ ತಡ ಮಾಡಬೇಡಿ.

‘ಮಾತು ಕೇಳಿಸುತ್ತೆ, ಏನಂದ್ರು ಅಂತ ಗೊತ್ತಾಗಲ್ಲ’ ಅನ್ನುವುದೂ ಲಕ್ಷಣವೇ. ತೀಕ್ಷ್ಣ ಸದ್ದು ಕೇಳಿಸುವುದು ಕುಗ್ಗಿದಾಗ ಸ, ಶ, ತ ಮೊದಲು ಜಾರುತ್ತವೆ.

2. ಇಎನ್‌ಟಿ ವೈದ್ಯರ ಹತ್ತಿರ

ಮೊದಲು ಕಿವಿ ಶುಚಿ ಮಾಡಿಸಿ, ಒಣಗಿಸಿಕೊಳ್ಳಿ. ಕೀವು ತುಂಬಿರುವಾಗ ಮಾಡಿದ ಪರೀಕ್ಷೆಯಲ್ಲಿ ಕೀವಿನ ಮಂದವೂ ಸೇರಿಕೊಳ್ಳುತ್ತದೆ. ಬೆಳ್ಳುಳ್ಳಿ ಎಣ್ಣೆ ಬೇಡವೇ ಬೇಡ. ಕಪಾಟಿನಲ್ಲಿ ಉಳಿದ ಹಳೇ ಡ್ರಾಪ್ಸ್ ಕೂಡ ಬೇಡ. ಜೆಂಟಮೈಸಿನ್ ಇರುವಂಥದ್ದು ತೂತಾದ ತಮಟೆ ದಾಟಿದರೆ ಒಳಗಿವಿಗೇ ಹಾನಿ ಮಾಡಬಲ್ಲದು.

3. ಆಡಿಯೋಮೆಟ್ರಿ

ಅಂದರೆ ಕಿವಿ ಎಷ್ಟು ಸಣ್ಣ ಸದ್ದನ್ನು ಕೇಳಬಲ್ಲದು ಅಂತ ಅಳೆಯುವ ಪರೀಕ್ಷೆ. ಜನ ಎಡವುವುದು ಇಲ್ಲೇ. ಸದ್ದು ನುಗ್ಗದ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ, 250ರಿಂದ 8,000 ಹರ್ಟ್ಸ್‌ವರೆಗಿನ, ಅಂದರೆ ದಪ್ಪನೆಯದರಿಂದ ತೀಕ್ಷ್ಣದವರೆಗಿನ ಸದ್ದುಗಳನ್ನು ಕೇಳಿಸುತ್ತಾರೆ. ಕೇಳಿಸಿತೋ ಇಲ್ಲವೋ ಅನ್ನುವಷ್ಟು ಸಣ್ಣ ಸದ್ದಿಗೂ ಬಟನ್ ಒತ್ತಿ. ಖಾತ್ರಿಯಾಗಲಿ ಅಂತ ಕಾದರೆ ಫಲಿತಾಂಶದ ನಕ್ಷೆ ಇರುವುದಕ್ಕಿಂತ ಕೆಟ್ಟದಾಗಿ ಬರುತ್ತದೆ.

ಆಮೇಲೆ ಕಿವಿಯ ಹಿಂದಿನ ಮೂಳೆಗೆ ನಡುಗುವ ಒಂದು ಸಣ್ಣ ಡಬ್ಬಿ ಇಡುತ್ತಾರೆ. ಸೋರುವ ಕಿವಿಯವರು ಇದನ್ನು ಬಿಟ್ಟರೆ ಪರೀಕ್ಷೆ ಅರ್ಧವೇ. ತಮಟೆ ತೂತಾದರೆ ನಕ್ಷೆಯಲ್ಲಿ ಹೆಡ್‌ಫೋನಿನ ಗೆರೆ ಮಾತ್ರ ಕೆಳಗಿಳಿಯುತ್ತದೆ, ಮೂಳೆಯ ಗೆರೆ ಮೇಲೇ ಇರುತ್ತದೆ. ಈ ಅಂತರ ಆಪರೇಷನ್‌ನಿಂದ ಎಷ್ಟೋ ಸಲ ತುಂಬುತ್ತದೆ. ಆದರೆ ಮೂಳೆಯ ಗೆರೆಯೂ ಇಳಿಯತೊಡಗಿದರೆ ಸೋಂಕಿನ ವಿಷ ಒಳಗಿವಿ ಮುಟ್ಟಿದೆಯೇನೋ ಅಂತ ನೋಡಬೇಕು. ಅದು ಹೆಚ್ಚಾಗಿ ತೀಕ್ಷ್ಣ ಸದ್ದಿನ ಕಡೆಯಿಂದ, ಅಂದರೆ ನಕ್ಷೆಯ ಬಲತುದಿಯಿಂದ ಶುರುವಾಗುತ್ತದೆ. ಒಳಗಿವಿಯಲ್ಲಿ ಸತ್ತ ಜೀವಕೋಶಗಳು ಮತ್ತೆ ಹುಟ್ಟುವುದಿಲ್ಲ. ನಕ್ಷೆಯಲ್ಲಿ ಡೆಸಿಬೆಲ್ ಅಂಕಿ ಏರಿದಷ್ಟೂ ಕಿವಿ ಮಂದ ಅಂತ ಅರ್ಥ. 20 ಡೆಸಿಬೆಲ್ ಒಳಗಿದ್ದರೆ ಮಾಮೂಲು ಅನ್ನುತ್ತಾರೆ, ಆದರೆ ಹೋದ ವರ್ಷ 5 ಇದ್ದದ್ದು ಈಗ 20 ಆಗಿದ್ದರೆ ನಾನಂತೂ ಸುಮ್ಮನಿರುವುದಿಲ್ಲ.

ಇನ್ನೊಂದು ಮೋಸ ಇದೆ. ಎಡಗಡೆ ಮೂಳೆ ನಡುಗಿಸಿದರೆ ಇಡೀ ಬುರುಡೆ ನಡುಗುತ್ತದೆ. ಬಲಗಿವಿ ಕೇಳಿಸಿಕೊಂಡು ಎಡಗಿವಿಗೆ ಪಾಸ್ ಮಾರ್ಕ್ಸ್ ಕೊಡಿಸುತ್ತದೆ. ಅದಕ್ಕೇ ಒಳ್ಳೆ ಕಿವಿಗೆ ‘ಶ್ಶ್ಶ್’ ಅನ್ನುವ ಸದ್ದು ಬಿಟ್ಟು ಅದನ್ನು ಬೇರೆ ಕೆಲಸಕ್ಕೆ ಹಚ್ಚಬೇಕು. ಇದಕ್ಕೆ ಮಾಸ್ಕಿಂಗ್ ಎನ್ನುತ್ತಾರೆ. ‘ಮೂಳೆ ಟೆಸ್ಟ್ ಮಾಡಿದ್ರಾ? ಮಾಸ್ಕಿಂಗ್ ಕೊಟ್ರಾ?’ ಅಂತ ಬಾಯಿಬಿಟ್ಟು ಕೇಳಿ, ನಾಚಿಕೆ ಬೇಡ. ಚಿಕ್ಕಪ್ಪನ ಮೊದಲ ತಪಾಸಣೆ ಶ್ರವಣ ಯಂತ್ರ ಮಾರುವ ಅಂಗಡಿಯೊಂದರಲ್ಲಿ ಆಯಿತು, ಉಚಿತವಾಗಿ. ಹೊರಗೆ ಆಟೋ ಹಾರನ್, ಒಳಗೆ ಬರೀ ಹೆಡ್‌ಫೋನ್. ಐದೇ ನಿಮಿಷಕ್ಕೆ ಮುಗಿಯಿತು, ಕೈಗೆ ಮೆಷಿನ್ ಬೆಲೆಪಟ್ಟಿ ಬಂತು. ಫೋನ್ ಆ್ಯಪ್‌ಗಳೂ ಅಷ್ಟೇ. ಸಂಶಯ ಹುಟ್ಟಿಸಲು ಸಾಕು, ಮೂಳೆಯ ಗೆರೆ ಅವುಗಳಲ್ಲಿ ಸಿಗುವುದಿಲ್ಲ.

ಬೆಂಗಳೂರಿನಲ್ಲಿ ಜಾಗಕ್ಕೆ ಬರವಿಲ್ಲ. ನಿಮ್ಹಾನ್ಸ್‌ನಲ್ಲಿ ವಾಕ್ ಮತ್ತು ಶ್ರವಣ ವಿಭಾಗವಿದೆ. ಹೆಣ್ಣೂರು ರಸ್ತೆಯಲ್ಲಿ ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಶ್ರವಣ ಸಂಸ್ಥೆ ಇದೆ. ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಇಎನ್‌ಟಿ ವಿಭಾಗವಿದೆ. ಕೆಲವು ಕಡೆ 8,000 ಹರ್ಟ್ಸ್ ಮೇಲಿನ ಸದ್ದನ್ನೂ ಪರೀಕ್ಷಿಸುತ್ತಾರೆ. ಸಿಕ್ಕರೆ ಮಾಡಿಸಿ, ಒಳಗಿವಿಯ ಹಾನಿ ಅಲ್ಲಿ ಇನ್ನೂ ಮುಂಚೆ ಕಾಣಬಹುದು.

ತಲೆಸುತ್ತು, ಮುಖ ಒಂದು ಕಡೆ ಸೊಟ್ಟಗಾಗುವುದು, ಜ್ವರದ ಜೊತೆ ವಿಪರೀತ ತಲೆನೋವು, ಒಂದೆರಡು ದಿನದಲ್ಲೇ ಕೇಳಿಸದಂತಾಗುವುದು, ಇವುಗಳಲ್ಲಿ ಒಂದು ಕಂಡರೂ ಅವತ್ತೇ ಆಸ್ಪತ್ರೆಗೆ ಹೋಗಿ. ಸೋರುವುದು ಕೆಟ್ಟ ವಾಸನೆ ಬಂದರೂ ಮುಂದೂಡಬೇಡಿ.

4. ವರ್ಷಕ್ಕೊಮ್ಮೆ ಮತ್ತೆ

ಆದಷ್ಟೂ ಅದೇ ಜಾಗದಲ್ಲಿ ಮಾಡಿಸಿ. ನೆಗಡಿ ಇದ್ದಾಗ ಬೇಡ. ಹಳೇ ನಕ್ಷೆ ಜೊತೆಗಿಟ್ಟು ಮೂಳೆಯ ಗೆರೆ ಹೋಲಿಸಿ ನೋಡಲು ಹೇಳಿ. ಬಸ್ ಟಿಕೆಟ್‌ನಂಥ ತೆಳು ಕಾಗದದಲ್ಲಿ ಕೊಟ್ಟರೆ ಅವತ್ತೇ ಜೆರಾಕ್ಸ್ ಮಾಡಿಸಿಡಿ. ಚಿಕ್ಕಪ್ಪನದು ಎರಡೇ ವರ್ಷಕ್ಕೆ ಬಿಳಿ ಹಾಳೆಯಾಗಿತ್ತು.