ಬಾಡಿಗೆಯವರ ನಾಯಿ ಕಚ್ಚಿದರೆ ಮಾಲೀಕರ ತಲೆಗೆ ಬರುತ್ತದೆಯೇ?

"ಸಾರ್, ನಿಮ್ಮ ಮನೆ ನಾಯಿ ಒಳಗೆ ಕಾಲಿಡೋಕೆ ಬಿಡ್ತಿಲ್ಲ. ಹೋದ ಸಲ ಪ್ಯಾಂಟ್ ಹರೀತು. ಇವತ್ತು ಮೀಟರ್ ನೋಡದೆ ಹೋಗ್ತಾ ಇದೀನಿ."

ಇಂಥ ಫೋನಿಗೆ ಮನೆ ಮಾಲೀಕರ ಮೊದಲ ಉತ್ತರ ಬಹುಮಟ್ಟಿಗೆ ಒಂದೇ: "ಅದು ನಮ್ಮ ನಾಯಿ ಅಲ್ಲಪ್ಪ, ಬಾಡಿಗೆಯವರದ್ದು. ಅವರನ್ನೇ ಕೇಳಿ." ಮಾತು ಸುಳ್ಳಲ್ಲ. ನಾಯಿ ಬಾಡಿಗೆಯವರದ್ದೇ. ಆದರೆ ಗೇಟು, ಮೆಟ್ಟಿಲು, ಓಣಿ ನಿಮ್ಮವು. ಅದಕ್ಕಿಂತ ದೊಡ್ಡ ಸಂಗತಿ ಎಂದರೆ, ಆ ಫೋನ್ ಇಟ್ಟ ಗಳಿಗೆಯಿಂದ ನೀವು ಏನೂ ಗೊತ್ತಿಲ್ಲದ ಮಾಲೀಕರಲ್ಲ.

ನಾಯಿಯ ಹೊಣೆ ಮೊದಲು ಅದನ್ನು ಸಾಕಿದವರದ್ದು. ಬಹಳಷ್ಟು ದೇಶಗಳ ಕಾನೂನು ಹೇಳುವುದೂ ಇದನ್ನೇ. ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ, ತನ್ನ ವಶದಲ್ಲಿರುವ ಪ್ರಾಣಿಯಿಂದ ಜನರಿಗೆ ಅಪಾಯವಾಗದಂತೆ ನೋಡಿಕೊಳ್ಳದವರಿಗೆ 6 ತಿಂಗಳವರೆಗೆ ಸಜೆ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಇಲ್ಲಿ 'ವಶದಲ್ಲಿರುವ' ಎಂಬ ಮಾತು ಗಮನಿಸಿ. ಬಾಡಿಗೆಯವರ ನಾಯಿ ಸಾಮಾನ್ಯವಾಗಿ ಮಾಲೀಕರ ವಶದಲ್ಲಿ ಇರುವುದಿಲ್ಲ. ಇಂಗ್ಲೆಂಡಿನ 1971ರ ಪ್ರಾಣಿಗಳ ಕಾಯ್ದೆ ಕೂಡ ಪ್ರಾಣಿಯ ಒಡೆಯರು ಮತ್ತು ಅದನ್ನು ಇಟ್ಟುಕೊಂಡವರನ್ನೇ ಹಿಡಿಯುತ್ತದೆ.

ಹಾಗಾದರೆ ಮಾಲೀಕರು ಸಿಕ್ಕಿಬೀಳುವುದು ಎಲ್ಲಿ? 1975ರಲ್ಲಿ ಕ್ಯಾಲಿಫೋರ್ನಿಯಾದ ಮೇಲ್ಮನವಿ ನ್ಯಾಯಾಲಯದ ಮುಂದೆ ಇದೇ ಪ್ರಶ್ನೆ ಬಂತು. ಬಾಡಿಗೆದಾರರ ನಾಯಿ ಮಗುವಿನ ಮೇಲೆರಗಿತ್ತು. ನಾಯಿ ಅಪಾಯಕಾರಿ ಎಂದು ಮಾಲೀಕರಿಗೆ ನಿಜವಾಗಿಯೂ ತಿಳಿದಿದ್ದು, ಅದನ್ನು ಅಲ್ಲಿಂದ ತೆಗೆಸುವ ಅಧಿಕಾರವೂ ಕೈಯಲ್ಲಿದ್ದರೆ ಸುಮ್ಮನಿದ್ದದ್ದು ತಪ್ಪಾಗುತ್ತದೆ ಎಂದಿತು ನ್ಯಾಯಾಲಯ. ಆ ಬಾಡಿಗೆ ತಿಂಗಳಿನಿಂದ ತಿಂಗಳಿಗೆ ಮುಂದುವರಿಯುವಂಥದ್ದು. ಮಾಲೀಕರು ಮನಸ್ಸು ಮಾಡಿದ್ದರೆ ನೋಟಿಸ್ ಕೊಡಬಹುದಿತ್ತು. 1984ರಲ್ಲಿ ನ್ಯೂಯಾರ್ಕಿನ ಉನ್ನತ ನ್ಯಾಯಾಲಯ ಒಂದು ಹೆಜ್ಜೆ ಹಿಂದಕ್ಕೆ ಹೋಗಿ ನೋಡಿತು: ಕಚ್ಚುವ ನಾಯಿ ಎಂದು ಗೊತ್ತಿದ್ದೇ ಮನೆ ಕೊಟ್ಟವರು, ಕೊಡುವಾಗಲೇ ಕರಾರಿನಲ್ಲಿ ಅದಕ್ಕೊಂದು ಕಡಿವಾಣ ಹಾಕಬೇಕಿತ್ತು ಎಂದಿತು.

ಈ ತೀರ್ಪುಗಳು ಬೇರೆಡೆಯ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲ. ಆದರೆ ಎಲ್ಲಿ ದಾವೆ ಬಿದ್ದರೂ ಮಾಲೀಕರ ಮುಂದೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೆರಡೇ. ಗೊತ್ತಿತ್ತೇ? ಗೊತ್ತಿದ್ದರೆ, ಏನಾದರೂ ಮಾಡುವುದು ನಿಮ್ಮ ಕೈಯಲ್ಲಿತ್ತೇ?

ಇದನ್ನು ಕೇಳಿದ ಕೆಲವರು ಜಾಣತನ ತೋರಿಸಲು ಹೋಗುತ್ತಾರೆ. "ಹಾಗಾದರೆ ನಾನು ಆ ಕಡೆ ತಲೆಯೇ ಹಾಕುವುದಿಲ್ಲ, ತಿಳಿದುಕೊಂಡರೆ ತಾನೇ ತಾಪತ್ರಯ?" ಈ ಲೆಕ್ಕ ನಿಲ್ಲುವುದಿಲ್ಲ. ಪಕ್ಕದ ಮನೆಯವರು ನಿಮಗೆ ಕಳಿಸಿದ ವಾಟ್ಸ್‌ಆ್ಯಪ್ ಸಂದೇಶ ಅವರ ಫೋನಿನಲ್ಲೂ ಇರುತ್ತದೆ, ಎರಡು ನೀಲಿ ಗೀಟುಗಳ ಸಮೇತ. ಎಲ್ಲರೂ ಓಡಾಡುವ ಮೆಟ್ಟಿಲು, ಅಂಗಳಗಳನ್ನು ಸುರಕ್ಷಿತವಾಗಿಡುವ ಹೊಣೆಯಂತೂ ಹೇಗಿದ್ದರೂ ಮಾಲೀಕರ ಮೇಲೇ ಇರುತ್ತದೆ.

ಹೆಜ್ಜೆ 1: ದೂರನ್ನು ಬರೆದಿಡಿ

"ಆ ನಾಯಿ ಸರಿ ಇಲ್ಲ" ಎಂಬುದು ದೂರಲ್ಲ, ಗೊಣಗಾಟ. ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ, ನಾಯಿ ಏನು ಮಾಡಿತು, ಕಟ್ಟಿತ್ತೇ ಬಿಟ್ಟಿತ್ತೇ, ಜೊತೆಗೆ ಯಾರಿದ್ದರು ಎಂದು ಕೇಳಿ ಬರೆದುಕೊಳ್ಳಿ. ಕಚ್ಚಿದ್ದರೆ ಗಾಯದ ಫೋಟೊ ಕೇಳಿ. ನಾಯಿಗಳ ನಡವಳಿಕೆ ತಜ್ಞ ಇಯಾನ್ ಡನ್‌ಬಾರ್ ರೂಪಿಸಿದ 6 ಹಂತಗಳ ಅಳತೆಗೋಲು ಇಲ್ಲಿ ನೆರವಿಗೆ ಬರುತ್ತದೆ. ಮೈಗೆ ಹಲ್ಲು ತಾಗಿಸದೆ ಎಗರಾಡುವುದು, ಗಾಳಿಗೆ ಬಾಯಿ ಹಾಕುವುದು ಮೊದಲ ಹಂತ. ಹಲ್ಲು ತಾಗಿದರೂ ಚರ್ಮ ತೂತಾಗದಿದ್ದರೆ ಎರಡನೆಯದು. ಒಂದೇ ಕಡಿತದಲ್ಲಿ ಒಂದರಿಂದ ನಾಲ್ಕು ತೂತು, ಆಳ ಕೋರೆಹಲ್ಲಿನ ಅರ್ಧದೊಳಗೆ ಇದ್ದರೆ ಮೂರು. ಅದಕ್ಕಿಂತ ಆಳಕ್ಕಿಳಿದರೆ, ಕಚ್ಚಿ ಹಿಡಿದು ಜಗ್ಗಾಡಿದರೆ ನಾಲ್ಕು. ಒಂದೇ ದಾಳಿಯಲ್ಲಿ ಹಲವು ಆಳದ ಕಡಿತಗಳಾದರೆ ಐದು. ಆರನೆಯದು ಸಾವು.

ಬೊಗಳುವ ನಾಯಿ ಕಚ್ಚುವುದಿಲ್ಲ ಎನ್ನುವ ಗಾದೆಯನ್ನು ನಂಬಿ ಕೂರಬೇಡಿ. ಬೊಗಳಿ ಆಮೇಲೆ ಕಚ್ಚುವ ನಾಯಿಗಳೂ ಇವೆ. ಹಾಗೆಯೇ ರಾತ್ರಿಯಿಡೀ ಬೊಗಳಿ ನಿದ್ದೆ ಕೆಡಿಸುವ ನಾಯಿ ಪೀಡೆ ಇರಬಹುದು, ಅಪಾಯಕಾರಿ ಆಗಿರಲೇಬೇಕೆಂದಿಲ್ಲ. ಎರಡನ್ನೂ ಒಂದೇ ಕಾಗದದಲ್ಲಿ ಕಲಸಿದರೆ ನಿಮ್ಮ ದೂರಿನ ತೂಕವೇ ಇಳಿಯುತ್ತದೆ.

ತಳಿಯ ಹೆಸರನ್ನೂ ಆಧಾರ ಮಾಡಿಕೊಳ್ಳಬೇಡಿ. ಬ್ರಿಟನ್ 1991ರ ಕಾಯ್ದೆಯಲ್ಲಿ ಪಿಟ್‌ಬುಲ್ ಟೆರಿಯರ್, ಜಪಾನಿನ ತೋಸಾ ಮೊದಲಾದ ನಾಲ್ಕು ಬಗೆಯ ನಾಯಿಗಳನ್ನು ನಿಷೇಧಿಸಿತು. ಎಕ್ಸ್ಎಲ್ ಬುಲ್ಲಿಯನ್ನು ಸೇರಿಸಿದ ಮೇಲೆ ಐದಾದವು. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಉನ್ನತ ನ್ಯಾಯಾಲಯ 2012ರಲ್ಲಿ ಪಿಟ್‌ಬುಲ್‌ಗಳ ವಿಷಯದಲ್ಲಿ ಮನೆ ಮಾಲೀಕರನ್ನೂ ಬಿಗಿಯಾಗಿ ಹಿಡಿದಿತ್ತು, ಎರಡೇ ವರ್ಷಕ್ಕೆ ಶಾಸನಸಭೆ ಅದನ್ನು ಬದಲಿಸಿತು. ಭಾರತದಲ್ಲಿ 23 ತಳಿಗಳ ನಿಷೇಧಕ್ಕೆ ಕೇಂದ್ರ ಹೊರಡಿಸಿದ್ದ ಸುತ್ತೋಲೆಯನ್ನು ಕರ್ನಾಟಕ ಹೈಕೋರ್ಟ್ 2024ರ ಏಪ್ರಿಲ್‌ನಲ್ಲಿ ರದ್ದು ಮಾಡಿತು. ನಿಮ್ಮಲ್ಲಿ ನಿಷೇಧಿತ ತಳಿಯೇ ಆಗಿದ್ದರೆ ಸರಿ, ಆ ಕಾನೂನು ಹಿಡಿಯಿರಿ. ಇಲ್ಲದಿದ್ದರೆ ಈ ನಾಯಿ ಏನು ಮಾಡಿದೆ ಎಂಬುದೊಂದೇ ಲೆಕ್ಕಕ್ಕೆ ಬರುತ್ತದೆ.

ಹೆಜ್ಜೆ 2: ಮೊದಲು ನಿಮ್ಮ ಗೇಟು ನೋಡಿಕೊಳ್ಳಿ

ಬಾಡಿಗೆಯವರ ಮೇಲೆ ಏರಿಹೋಗುವ ಮುನ್ನ ಗೇಟಿನ ಮುಂದೆ ಹೋಗಿ ನಿಂತು, ಅದನ್ನು ತೆರೆದು ಕೈಬಿಡಿ. ತಾನಾಗಿ ಮುಚ್ಚಿ ಚಿಲಕ ಬಿದ್ದರೆ ಸರಿ. ಹಳೆಯ ಗೇಟುಗಳಲ್ಲಿ ಹೀಗಾಗುವುದು ಅಪರೂಪ. ಕೀಲು ಸವೆದು ಗೇಟು ಒಂದು ಬದಿಗೆ ಜೋತಿರುತ್ತದೆ; ಕೊಂಡಿ ಬಿಲದ ಬಾಯಿಗೆ ಬಂದು ನಿಲ್ಲುತ್ತದೆ, ಒಳಗಿಳಿಯುವುದಿಲ್ಲ. ಮನೆಯವರಿಗೆ ಅದನ್ನು ಸ್ವಲ್ಪ ಎತ್ತಿ ಒತ್ತುವ ಕೈಚಳಕ ಗೊತ್ತು. ಕೊರಿಯರ್ ಹುಡುಗನಿಗೆ ಗೊತ್ತಿಲ್ಲ. ಅವನು ಎಳೆದುಕೊಂಡು ಹೋಗುತ್ತಾನೆ, ಹಿಂದೆಯೇ ನಾಯಿ ಮೂತಿಯಿಂದ ಒಂದು ಸಲ ನೂಕುತ್ತದೆ. ಆಮೇಲೆ ರಸ್ತೆಯಲ್ಲಿ ಏನಾದರೂ ಆದರೆ ಮಾತು ನಾಯಿಯ ಸ್ವಭಾವಕ್ಕೆ ನಿಲ್ಲುವುದಿಲ್ಲ, ನೀವು ರಿಪೇರಿ ಮಾಡಿಸದ ಕೊಂಡಿಯ ಸುತ್ತ ತಿರುಗುತ್ತದೆ.

ಬೇಲಿ ಅಥವಾ ಗೋಡೆಯ ಬುಡದಲ್ಲಿ ನಾಯಿ ತೋಡಿದ ಗುಂಡಿ ಇದೆಯೇ, ಗೇಟಿನ ಅಡಿಯಲ್ಲಿ ಮೂತಿ ತೂರುವಷ್ಟು ಸಂದಿ ಇದೆಯೇ ನೋಡಿ. ಅಂಚೆ ಡಬ್ಬಿ, ಮೀಟರ್, ಕರೆಗಂಟೆ ಇವನ್ನೆಲ್ಲ ಗೇಟಿನ ಹೊರಗಿನಿಂದಲೇ ಮುಟ್ಟುವಂತೆ ಮಾಡಿಸಿದರೆ ಅರ್ಧ ರಗಳೆ ಮುಗಿದಂತೆ. ಮಾಡಿಸಿದ ಕೆಲಸದ ಬಿಲ್ಲು ಎಸೆಯಬೇಡಿ.

'ನಾಯಿ ಇದೆ, ಎಚ್ಚರಿಕೆ' ಫಲಕಕ್ಕೆ ಎರಡು ಮುಖ. ಬಂದವರನ್ನು ಅದು ಎಚ್ಚರಿಸುತ್ತದೆ. ನಾಳೆ ಮೊಕದ್ದಮೆಯಾದರೆ, ಅಪಾಯ ನಿಮಗೆ ಗೊತ್ತಿತ್ತು ಎಂಬುದಕ್ಕೂ ಅದೇ ಸಾಕ್ಷಿಯಾಗಬಹುದು. ಹಾಗಂತ ಕಿತ್ತುಹಾಕಬೇಡಿ. ಫಲಕ ಹಾಕಿದ್ದೇವೆ, ನಮ್ಮ ಕೆಲಸ ಮುಗಿಯಿತು ಎಂದು ಮಾತ್ರ ಅಂದುಕೊಳ್ಳಬೇಡಿ. ಐದು ವರ್ಷದ ಮಗು ಫಲಕ ಓದುವುದಿಲ್ಲ.

ಹೆಜ್ಜೆ 3: ಕರಾರು ತೆಗೆದು ಓದಿ

ಸಾಕುಪ್ರಾಣಿಯ ಬಗ್ಗೆ ಒಂದು ಸಾಲು ಇರಬಹುದು, ಇಲ್ಲದೆಯೂ ಇರಬಹುದು. ಇಲ್ಲದಿದ್ದರೂ 'ನೆರೆಹೊರೆಯವರಿಗೆ ತೊಂದರೆ ಕೊಡತಕ್ಕದ್ದಲ್ಲ' ಎಂಬಂಥ ಷರತ್ತು ಸಾಮಾನ್ಯವಾಗಿ ಇರುತ್ತದೆ. ನಿಮ್ಮ ಕೈಯಲ್ಲಿರುವ ಅಧಿಕಾರ ಎಷ್ಟು ಎಂಬುದು ಇಲ್ಲೇ ತೀರ್ಮಾನವಾಗುವುದು. ಅವಧಿ ಮುಗಿಯಲು ಎಷ್ಟು ತಿಂಗಳಿದೆ ನೋಡಿ. ನವೀಕರಿಸುವ ಹೊತ್ತಿಗೆ ನಿಮಗೆ ಅಧಿಕಾರ ಮರಳಿ ಬರುತ್ತದೆ. ನಾಯಿ ಕಚ್ಚಿದ್ದು ತಿಳಿದೂ ಹಳೆಯ ಕರಾರಿಗೇ ಕಣ್ಣುಮುಚ್ಚಿ ಸಹಿ ಹಾಕಿದರೆ ಅದನ್ನು ಸಮರ್ಥಿಸಿಕೊಳ್ಳುವುದು ಕಷ್ಟ. ಇದೇ ಹೊತ್ತಿನಲ್ಲಿ ಮನೆಯ ವಿಮೆ ಪಾಲಿಸಿಯನ್ನೂ ಓದಿ. ಕೆಲವು ಪಾಲಿಸಿಗಳು ನಾಯಿ ಕಡಿತವನ್ನು ಸಣ್ಣಕ್ಷರದಲ್ಲಿ ಹೊರಗಿಟ್ಟಿರುತ್ತವೆ.

ಅಂಗವೈಕಲ್ಯ ಇರುವವರ ನೆರವಿನ ನಾಯಿ ಆಗಿದ್ದರೆ ಜಾಗ್ರತೆ. ಅಮೆರಿಕದಂಥ ಕಡೆ ಅದನ್ನು ಸಾಕುಪ್ರಾಣಿ ಎಂದು ಎಣಿಸುವುದಿಲ್ಲ, 'ಪ್ರಾಣಿಗೆ ಅವಕಾಶವಿಲ್ಲ' ಎಂಬ ನಿಯಮ ಅದಕ್ಕೆ ತಾಗುವುದಿಲ್ಲ.

ಹೆಜ್ಜೆ 4: ಮಾತಾಡಿ, ಆಮೇಲೆ ಬರೆಯಿರಿ

ಮೊದಲು ಎದುರುಬದುರು ಕೂತು ಮಾತಾಡಿ. ನಾಯಿ ಸಾಕಿದವರಿಗೆ ಅದು ಮನೆಯ ಕೂಸು. "ನಿಮ್ಮ ನಾಯಿ ರಾಕ್ಷಸ" ಎಂದು ಶುರುಮಾಡಿದರೆ ಮಾತು ಅಲ್ಲಿಗೇ ಮುಗಿಯಿತು. "ಹೀಗೊಂದು ದೂರು ಬಂದಿದೆ, ಏನಾಯಿತು ಹೇಳಿ" ಅನ್ನಿ. ನಾಯಿ ಇದ್ದಕ್ಕಿದ್ದಂತೆ ಮುಂಗೋಪಿಯಾಗಿದ್ದರೆ ಒಳಗೆಲ್ಲೋ ನೋವಿರಬಹುದು, ಪಶುವೈದ್ಯರಿಗೆ ತೋರಿಸಲು ಹೇಳಿ. ಗುರ್ ಎಂದಾಗಲೆಲ್ಲ ಹೊಡೆಯುತ್ತಿದ್ದರೆ ನಿಲ್ಲಿಸಲು ಹೇಳಿ. ಪೆಟ್ಟು ತಿಂದ ನಾಯಿ ಗುರ್ ಎನ್ನುವುದನ್ನು ಬಿಡಬಹುದು, ಕಚ್ಚುವುದನ್ನಲ್ಲ. ದಿನವಿಡೀ ಸರಪಳಿಯಲ್ಲಿ ಕಟ್ಟಿಹಾಕಿ ಎಂಬ ಸಲಹೆ ಮಾತ್ರ ಬೇಡ, ಕಟ್ಟಿದಲ್ಲೇ ಕೊಳೆಯುವ ನಾಯಿ ಇನ್ನಷ್ಟು ಕೆಡುತ್ತದೆ.

ಮಾತಾದ ಮೇಲೆ ಅದೇ ದಿನ ಕಾಗದ ಬರೆಯಿರಿ. ಬೈಗುಳ ಬೇಡ, ವಕೀಲರ ಭಾಷೆಯೂ ಬೇಡ. ಹೀಗಿದ್ದರೆ ಸಾಕು:

"3ನೇ ತಾರೀಕು ಬೆಳಿಗ್ಗೆ 10 ಗಂಟೆಗೆ ನಿಮ್ಮ ನಾಯಿ ಮೆಟ್ಟಿಲಿನ ಬಳಿ ಮೀಟರ್ ಓದುವವರ ಕಾಲಿಗೆ ಬಾಯಿ ಹಾಕಿದೆ ಎಂಬ ದೂರು ಬಂದಿದೆ. ನಾವು ಇಂದು ಮಾತಾಡಿಕೊಂಡಂತೆ: ಮನೆಯ ಬಾಗಿಲು ದಾಟಿದ ಮೇಲೆ ನಾಯಿಗೆ ಹಗ್ಗ ಮತ್ತು ಬಾಯಿಕುಕ್ಕೆ ಇರಬೇಕು, ಹಗ್ಗ ದೊಡ್ಡವರ ಕೈಯಲ್ಲೇ ಇರಬೇಕು, ಅಂಗಳದಲ್ಲಿ ಒಂಟಿಯಾಗಿ ಬಿಡಬಾರದು, ರೇಬೀಸ್ ಲಸಿಕೆ ಮತ್ತು ಪರವಾನಗಿಯ ಪ್ರತಿಯನ್ನು 7 ದಿನದೊಳಗೆ ಕೊಡಬೇಕು. ಗೇಟಿನ ಕೊಂಡಿಯನ್ನು ನಾನು ಭಾನುವಾರದೊಳಗೆ ಸರಿಮಾಡಿಸುತ್ತೇನೆ. ಇದು ಪಾಲನೆಯಾಗದಿದ್ದರೆ ಕರಾರಿನ ಪ್ರಕಾರ ಮುಂದಿನ ಕ್ರಮ ಅನಿವಾರ್ಯ."

ಕೊನೆಗಿಂತ ಒಂದು ಸಾಲು ಮೊದಲು ನಿಮ್ಮ ಪಾಲಿನ ಕೆಲಸವೂ ಬಂದಿರುವುದನ್ನು ನೋಡಿ. ಓದುವವರಿಗೆ ಅದು ಬೆದರಿಕೆಯಂತೆ ಕಾಣುವುದಿಲ್ಲ. ಕಾಗದ ಮುಟ್ಟಿದ್ದಕ್ಕೆ ಸಹಿ ತೆಗೆದುಕೊಳ್ಳಿ, ಅಥವಾ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ. ಗಡುವು ಮುಗಿದ ದಿನ ಹೋಗಿ ನೋಡಿ. ನೋಟಿಸ್ ಕೊಟ್ಟು ಮರೆಯುವುದು ನೋಟಿಸ್ ಕೊಡದೆ ಇರುವುದಕ್ಕಿಂತ ಕೆಟ್ಟದ್ದು, ಏಕೆಂದರೆ ಗೊತ್ತಿತ್ತು ಎಂದು ನೀವೇ ಬರೆದುಕೊಟ್ಟಿರುತ್ತೀರಿ.

ಹೆಜ್ಜೆ 5: ಅಷ್ಟರಲ್ಲಿ ಕಚ್ಚಿಬಿಟ್ಟರೆ

ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಬೇಕು. ನಂತರ ನೇರ ಆಸ್ಪತ್ರೆಗೆ. ನಾಯಿಗೆ ಲಸಿಕೆ ಆಗಿದೆಯಂತೆ ಎಂಬ ಮಾತಿನ ಮೇಲೆ ತಡಮಾಡಬೇಡಿ, ಚುಚ್ಚುಮದ್ದು ಬೇಕೋ ಬೇಡವೋ ವೈದ್ಯರು ಹೇಳಲಿ. ಸಿಟ್ಟಿನಲ್ಲಿ ಯಾರೂ ನಾಯಿಯನ್ನು ಹೊಡೆದು ಕೊಲ್ಲದಂತೆ, ಬಾಡಿಗೆಯವರು ರಾತ್ರೋರಾತ್ರಿ ಎಲ್ಲೋ ಬಿಟ್ಟುಬರದಂತೆ ನೋಡಿಕೊಳ್ಳಿ. ಕಚ್ಚಿದ ನಾಯಿಯನ್ನು 10 ದಿನ ಕಣ್ಣಳತೆಯಲ್ಲಿ ಇಡಬೇಕು. ಕಣ್ಮರೆಯಾದರೆ ಅದಕ್ಕೆ ರೇಬೀಸ್ ಇತ್ತೇ ಎಂಬುದು ತಿಳಿಯುವ ದಾರಿಯೇ ಮುಚ್ಚುತ್ತದೆ. ಸ್ಥಳೀಯ ಆಡಳಿತಕ್ಕೆ ಮತ್ತು ವಿಮೆಯವರಿಗೆ ಲಿಖಿತವಾಗಿ ತಿಳಿಸಿ. ಗಾಯಗೊಂಡವರನ್ನು ವಿಚಾರಿಸಿ, ಬೇಕಾದ ನೆರವು ಕೊಡಿ. ತಪ್ಪು ಯಾರದು ಎಂಬ ಪಂಚಾಯಿತಿಯನ್ನು ಮಾತ್ರ ಅಲ್ಲೇ ನಿಂತು ಮಾಡಬೇಡಿ.

ಹೆಜ್ಜೆ 6: ಖಾಲಿ ಮಾಡಿಸುವುದಾದರೆ

ನೀರು ನಿಲ್ಲಿಸುವುದು, ಕರೆಂಟ್ ಕೀಳುವುದು, ಬೀಗ ಬದಲಿಸುವುದು, ಅವರಿಲ್ಲದಾಗ ನಾಯಿಯನ್ನು ಸಾಗಹಾಕುವುದು ಯಾವುದೂ ಬೇಡ. ಇವುಗಳಲ್ಲಿ ಒಂದು ಮಾಡಿದರೂ ದೂರು ಕೊಡಬೇಕಾದವರು ನೀವಾಗಿರುವುದಿಲ್ಲ, ದೂರು ನಿಮ್ಮ ಮೇಲಿರುತ್ತದೆ. "ನಾಯಿಯನ್ನು ಬೇರೆ ಕಡೆ ಬಿಡಿ, ನೀವು ಇರಬಹುದು" ಎಂಬ ದಾರಿಯನ್ನು ಮೊದಲು ತೋರಿಸಿ. ಅದಕ್ಕೂ ಒಪ್ಪದಿದ್ದರೆ ವಕೀಲರ ಮೂಲಕ ನೋಟಿಸ್, ಆಮೇಲೆ ನ್ಯಾಯಾಲಯ. ತಡವಾಗುತ್ತದೆ ನಿಜ. ಆ ತಿಂಗಳುಗಳಲ್ಲೂ ದೂರು ಬಂದಾಗಲೆಲ್ಲ ಬರೆಯುತ್ತಿರಿ, ಗೇಟಿನ ಮೇಲೆ ಕಣ್ಣಿಡಿ.

ಅವರು ಹೋದ ಮೇಲೂ ಒಂದು ಕೆಲಸ ಉಳಿದಿರುತ್ತದೆ. ಹೊಸ ಮನೆಯ ಮಾಲೀಕರು ಒಂದು ದಿನ ಫೋನ್ ಮಾಡಿ "ಹೇಗೆ ಸಾರ್ ಇವರು?" ಎಂದು ಕೇಳಬಹುದು. ಬಿಟ್ಟರೆ ಸಾಕಪ್ಪ ಎಂದು "ಒಳ್ಳೆ ಜನ, ಏನೂ ತೊಂದರೆ ಇಲ್ಲ" ಅಂದುಬಿಡುವ ಆಸೆ ಆಗುತ್ತದೆ. ಬಾಡಿಗೆ ಸರಿಯಾಗಿ ಕೊಡುತ್ತಿದ್ದರು, ನಾಯಿ ಇಂಥ ತಿಂಗಳು ಒಬ್ಬರನ್ನು ಕಚ್ಚಿತ್ತು ಎಂದು ಎರಡನ್ನೂ ಹೇಳಿ. ಕೊಂಡಿಯ ವಿಷಯವನ್ನೂ ಸೇರಿಸಬಹುದು.