ಸೀಲ್‌ಡೌನ್ ಆದ ಗಲ್ಲಿಗೆ ಹಾಲು, ನೀರು, ಗುಳಿಗೆ: ವಿಜಯಪುರದಲ್ಲಿ ನನ್ನ ಅನುಭವ

2020ರ ಮಾರ್ಚ್ 12ರಂದು ಕಲಬುರಗಿಯ 76 ವರ್ಷದ ಹಿರಿಯರೊಬ್ಬರ ಸಾವಿಗೆ ಕೊರೊನಾ ಕಾರಣ ಅಂತ ಖಚಿತವಾಯಿತು. ಅದು ದೇಶದಲ್ಲೇ ಮೊದಲ ಸಾವು. ಕಲಬುರಗಿ ನಮಗೆ ಬೀಗರ ಊರು. ವಿಜಯಪುರದಲ್ಲಿ ಅಲ್ಲಿ ನೆಂಟರಿಲ್ಲದ ಗಲ್ಲಿ ಸಿಗೋದು ಕಷ್ಟ. ಇನ್ನೊಂದು ಕಡೆ ಸೊಲ್ಲಾಪುರ, ನೂರು ಕಿಲೋಮೀಟರ್ ದೂರ. ನಮ್ಮ ಊರಿಗೂ ಇದು ಬರುತ್ತೆ ಅನ್ನೋದರಲ್ಲಿ ಪಾಲಿಕೆಯ ಯಾರಿಗೂ ಅನುಮಾನ ಇರಲಿಲ್ಲ. ಏಪ್ರಿಲ್‌ನಲ್ಲಿ ಬಂತು.

ನಾನು ಆಗ ಪಾಲಿಕೆಯಲ್ಲಿ ಆರೋಗ್ಯ ನಿರೀಕ್ಷಕಿ. ಕಸ, ಚರಂಡಿ, ಸೊಳ್ಳೆ ಔಷಧಿ, ಹೋಟೆಲ್ ತಪಾಸಣೆ, ಇವು ನಮ್ಮ ದಿನದ ಕೆಲಸ. ಆಸ್ಪತ್ರೆಯೊಳಗಿನ ಕಥೆಯನ್ನು ಡಾಕ್ಟರು, ನರ್ಸುಗಳು ಹೇಳಿದ್ದಾರೆ. ಬ್ಯಾರಿಕೇಡ್ ಹಿಂದೆ ಉಳಿದ ಮನೆಗಳಿಗೆ ಏನೇನು ಬೇಕಾಯಿತು, ಅದನ್ನು ಹೇಗೆ ಮುಟ್ಟಿಸಿದೆವು ಅನ್ನೋದು ನನಗೆ ಗೊತ್ತಿರುವ ಕಥೆ. ಗಲ್ಲಿಯನ್ನು ಮುಚ್ಚೋಕೆ ಅರ್ಧ ಗಂಟೆ ಸಾಕು. ಆಗ ಇದ್ದ ನಿಯಮದ ಪ್ರಕಾರ ಹೊಸ ಪ್ರಕರಣ ಇಲ್ಲದೆ 28 ದಿನ ಕಳೆಯೋವರೆಗೂ ಅದನ್ನು ತೆಗೆಯೋ ಹಾಗಿರಲಿಲ್ಲ. ಅಷ್ಟು ದಿನ ಆ ಮನೆಗಳ ಒಲೆ ಉರಿಯಬೇಕು. ಆ ಹೊಣೆ ಪಾಲಿಕೆಯದು ಅಂತಲೇ ನಾನು ತಿಳಿದು ಕೆಲಸ ಮಾಡಿದೆ.

ಪಾಸಿಟಿವ್ ಬಂದವರ ಸುದ್ದಿ ನಮಗೆ ಒಂದು ಪಿ ನಂಬರ್, ಅಂದರೆ ಪೇಷಂಟ್ ನಂಬರ್ ಆಗಿ ಬರುತ್ತಿತ್ತು. ವಯಸ್ಸು, ಗಂಡೋ ಹೆಣ್ಣೋ, ಯಾರ ಸಂಪರ್ಕ, ಇಷ್ಟು. ವಿಳಾಸ ಫೋನಿನಲ್ಲಿ ಸಿಗುತ್ತಿತ್ತು. ಅದೂ ಎಂಥ ವಿಳಾಸ? 'ಮಸೀದಿ ಹಿಂದೆ', 'ಗಿರಣಿ ಬಾಜೂಕ'. ಆಧಾರ್‌ನಲ್ಲಿ ಇದ್ದದ್ದು ಬಿಟ್ಟು ಹೋದ ಬಾಡಿಗೆ ಮನೆ. ಹಾಗಾಗಿ ಮೊದಲ ವಾರವೇ ನಾನು ನಾಲ್ಕು ಥರದ ಜನರನ್ನು ಒಟ್ಟಿಗೆ ಕೂರಿಸಿಕೊಂಡೆ. ನೀರು ಬಿಡುವ ವಾಲ್‌ಮನ್, ಆ ಗಲ್ಲಿ ಗುಡಿಸುವ ಪೌರಕಾರ್ಮಿಕರು, ಮನೆ ಕರ ವಸೂಲಿಗೆ ಹೋಗುವ ಬಿಲ್ ಕಲೆಕ್ಟರ್, ಮತ್ತೆ ಆಶಾ ಅಕ್ಕ. ಯಾವ ಬಾಗಿಲ ಹಿಂದೆ ಎಷ್ಟು ಸಂಸಾರ ಇವೆ ಅಂತ ಇವರಿಗೆ ಗೊತ್ತಿರುವಷ್ಟು ಯಾವ ಕಂಪ್ಯೂಟರಿಗೂ ಗೊತ್ತಿರಲಿಲ್ಲ.

ಉದ್ದನೆಯ ಲೆಡ್ಜರ್ ಪುಸ್ತಕದಲ್ಲಿ ಗಲ್ಲಿಗೊಂದು ಪುಟ ಮಾಡಿದೆವು. ಮನೆ, ಅದರೊಳಗಿನ ಒಲೆಗಳು, 60 ದಾಟಿದವರು, ಬಿಪಿ-ಶುಗರ್ ಗುಳಿಗೆ ನುಂಗುವವರು, ಬಸುರಿಯರು ಮತ್ತೆ ಅವರಿಗೆ ಕೊಟ್ಟ ತಾರೀಖು, ಹಾಲು ಬೇಕಾದ ಕೂಸುಗಳು, ಮನೆಯಲ್ಲಿ ಸಂಡಾಸ ಇದೆಯೋ ಇಲ್ಲವೋ, ದಿನಗೂಲಿಯೋ ಪಗಾರವೋ. ಮೇ ತಿಂಗಳಲ್ಲಿ ಸರ್ಕಾರದಿಂದ ಮನೆ ಮನೆ ಆರೋಗ್ಯ ಸಮೀಕ್ಷೆ ಶುರುವಾಯಿತು. ಬೂತ್ ಮಟ್ಟದ ಅಧಿಕಾರಿಗಳು ಬಂದಾಗ ನಮ್ಮ ಪುಟಗಳು ಅವರಿಗೂ ಉಪಯೋಗಕ್ಕೆ ಬಂದವು.

ಸಂಡಾಸದ ಕಾಲಂ ಯಾಕೆ ಅಂತ ಕೆಲವರು ಕೇಳಿದರು. ಹಳೇ ಊರಿನ ಎಷ್ಟೋ ಗಲ್ಲಿಗಳಲ್ಲಿ ಜನ ಸಾರ್ವಜನಿಕ ಶೌಚಾಲಯಕ್ಕೇ ಹೋಗಬೇಕು. ನಕಾಶೆ ನೋಡಿ ಬ್ಯಾರಿಕೇಡ್ ಹಾಕಿದರೆ ಶೌಚಾಲಯ ಹೊರಗೆ ಉಳಿಯುತ್ತೆ, ಮನೆಗಳು ಒಳಗೆ. ಆಗ ಬೆಳಗಿನ ನಾಲ್ಕಕ್ಕೇ ಹೆಂಗಸರು ಬೊಂಬು ದಾಟುತ್ತಾರೆ, ಪೊಲೀಸರು ಗದರುತ್ತಾರೆ. ಇದನ್ನು ಯಾವ ಕಾನೂನಿನಿಂದಲೂ ತಡೆಯೋಕಾಗಲ್ಲ, ತಡೆಯಲೂಬಾರದು. ಅದಕ್ಕೇ ನಾವು ಬೊಂಬು ಕಟ್ಟುವ ಮುಂಚೆ ಗಲ್ಲಿ ನಡೆದು ನೋಡುತ್ತಿದ್ದೆವು. ಶೌಚಾಲಯ, ಬೋರ್‌ವೆಲ್, ಹಿಟ್ಟಿನ ಗಿರಣಿ, ಈ ಮೂರೂ ಒಳಗೇ ಬರುವ ಹಾಗೆ ಗೆರೆ ಎಳೆಯುತ್ತಿದ್ದೆವು. ಶೌಚಾಲಯ ತೊಳೆಯುವ ಪಾಳಿ ದಿನಕ್ಕೆ ಮೂರು ಸಲ. ಶೇಕಡಾ 5ರ ಹೈಪೋಕ್ಲೋರೈಟ್ ಕ್ಯಾನ್ ಬಂದರೆ ಒಂದು ಪಾಲಿಗೆ ನಾಲ್ಕು ಪಾಲು ನೀರು ಬೆರೆಸಿ ಶೇಕಡಾ 1ಕ್ಕೆ ಇಳಿಸಬೇಕು. ಆ ಲೆಕ್ಕವನ್ನು ಗೋಡೆ ಮೇಲೆ ಸುಣ್ಣದಲ್ಲಿ ಬರೆಸಿದ್ದೆ.

ನೀರಿನ ಮಾತು ಬಂದರೆ ವಿಜಯಪುರದವರಿಗೆ ಬಿಡಿಸಿ ಹೇಳಬೇಕಿಲ್ಲ. ಕೊಲ್ಹಾರದಿಂದ ಕೃಷ್ಣೆಯ ನೀರು, ಜೊತೆಗೆ ಭೂತನಾಳ ಕೆರೆ. ಆದರೂ ನಳಕ್ಕೆ ನೀರು ಬರೋದು ಎಷ್ಟೋ ದಿನಕ್ಕೊಮ್ಮೆ. ರೇಡಿಯೋ, ಟಿವಿ, ಫೋನಿನ ಕಾಲರ್ ಟ್ಯೂನ್ ಎಲ್ಲದರಲ್ಲೂ ಕೈ ತೊಳೀರಿ ಅನ್ನೋ ಮಾತು. "ಕೈ ತೊಳ್ಕೋ ಅಂತೀರಿ, ನೀರ ಬಂದು ಎಂಟ ದಿನ ಆತು" ಅಂತ ಒಬ್ಬ ಅಜ್ಜ ನನ್ನನ್ನು ನಿಲ್ಲಿಸಿ ಕೇಳಿದರು. ಉತ್ತರ ಕೊಡೋ ಬದಲು ವಾಲ್‌ಮನ್‌ಗೆ ಫೋನ್ ಮಾಡಿದೆ. ಸೀಲ್ ಆದ ಗಲ್ಲಿಗಳಿಗೆ ಪಾಳಿ ಮುಂಚೆ ತರಿಸಿದೆವು, ಉಳಿದದ್ದಕ್ಕೆ ಟ್ಯಾಂಕರ್. ಟ್ಯಾಂಕರ್ ಒಳಗೆ ಹೋಗದ ಕಡೆ ಪೈಪ್ ಉದ್ದ ಸಾಲುತ್ತಿರಲಿಲ್ಲ, ಎರಡು ಪೈಪ್ ಜೋಡಿಸಿ ಬಿಗಿಯಬೇಕಾಗುತ್ತಿತ್ತು. ಕೊಡಗಳ ಸಾಲಿಗೆ ನೆಲದ ಮೇಲೆ ಗುರುತು ಹಾಕಿ, ಜನರ ಬದಲು ಕೊಡಗಳನ್ನೇ ಸಾಲಾಗಿ ಇಡಿಸಿದೆವು. ಜನ ತಮ್ಮ ಕಟ್ಟೆ ಮೇಲೆ ಕೂತಿರುತ್ತಿದ್ದರು. ಇದು ಒಬ್ಬ ಪೌರಕಾರ್ಮಿಕ ಅಕ್ಕ ಹೇಳಿದ ಉಪಾಯ.

ಬ್ಯಾರಿಕೇಡ್ ಹತ್ತಿರ ಒಂದು ಮೇಜು ಹಾಕಿದ್ದೆವು. ಬೆಳಗ್ಗೆ ಆರಕ್ಕೆ ಹಾಲು, ಒಂಬತ್ತಕ್ಕೆ ಕಾಯಿಪಲ್ಲೆ, ಮಧ್ಯಾಹ್ನ ಗುಳಿಗೆ. ಆ ಏಪ್ರಿಲ್‌ನಲ್ಲಿ ಸರ್ಕಾರ ನಂದಿನಿ ಹಾಲನ್ನು ಕೊಳೆಗೇರಿಗಳಿಗೆ ಪುಕ್ಕಟೆ ಕೊಡುತ್ತಿತ್ತು. ಏಪ್ರಿಲ್ ಕೊನೆಯ ವಾರ ರಂಜಾನ್ ಉಪವಾಸ ಶುರುವಾಯಿತು. ಆರಕ್ಕೆ ಬಂದ ಹಾಲು ಸಹರಿಗೆ, ಅಂದರೆ ಬೆಳಕು ಹರಿಯೋ ಮುಂಚಿನ ಊಟಕ್ಕೆ, ಯಾವ ಉಪಯೋಗಕ್ಕೂ ಬರಲ್ಲ ಅಲ್ವಾ? ಹಾಗಾಗಿ ಉಪವಾಸ ಇರುವ ಮನೆಗಳಿಗೆ ಹಿಂದಿನ ದಿನ ಸಂಜೆಯೇ ಹಾಲು, ಖರ್ಜೂರ, ಬಾಳೆಹಣ್ಣು ಮುಟ್ಟುವ ಹಾಗೆ ಬದಲಿಸಿದೆವು. ಸಣ್ಣ ಬದಲಾವಣೆ. ಆದರೆ ಅದಾದ ಮೇಲೆ ಅದೇ ಗಲ್ಲಿಯವರು ಗಂಟಲು ದ್ರವ ಕೊಡೋಕೆ ತಾವಾಗಿ ಮುಂದೆ ಬಂದರು.

ಗುಳಿಗೆಯ ವಿಷಯದಲ್ಲಿ ಚೀಟಿ ಕೇಳಿದರೆ ಅರ್ಧ ಜನರ ಹತ್ತಿರ ಇರುತ್ತಿರಲಿಲ್ಲ. ಒಬ್ಬ ಅಜ್ಜಿ ಬಂದು, "ಹೆಸರ ಗೊತ್ತಿಲ್ರಿ ಮೇಡಂ. ಬಿಳೇದು ಮುಂಜಾನಿ, ಗುಲಾಬಿದು ರಾತ್ರಿ" ಅಂದರು. ಆವತ್ತಿನಿಂದ ಖಾಲಿ ಸ್ಟ್ರಿಪ್ ಕಳಿಸಿ ಅಂತ ಹೇಳಿದೆವು. ಸ್ಟ್ರಿಪ್ ಅನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಮನೆ ಯಜಮಾನರ ಹೆಸರು ಬರೆದು, ದಾರಕ್ಕೆ ಕ್ಲಿಪ್ಪಿನಿಂದ ಸಿಕ್ಕಿಸೋದು. ನಮ್ಮ ಹುಡುಗ ಅದನ್ನು ಔಷಧಿ ಅಂಗಡಿಗೆ ಒಯ್ದು ಅದೇ ಗುಳಿಗೆ, ಅದೇ ಮಿಲಿಗ್ರಾಂ ತರುತ್ತಿದ್ದ. ಸ್ಟ್ರಿಪ್ ಕತ್ತರಿಸುವಾಗ ಹೆಸರಿರುವ ತುದಿಯನ್ನು ಕೊನೆಗೆ ಉಳಿಸಿಕೊಳ್ಳಿ ಅಂತ ಮನೆ ಮನೆಗೆ ಕೂಗಿ ಹೇಳಿಸಿದ್ದೆವು. ಇವತ್ತಿಗೂ ನಮ್ಮ ಕಡೆಯ ಎಷ್ಟೋ ಹಿರಿಯರು ಹಾಗೇ ಮಾಡುತ್ತಾರೆ.

ಔಷಧಿ ಸಿಂಪಡಣೆ ಬಗ್ಗೆ ನನ್ನ ಅಭಿಪ್ರಾಯ ಬೇರೆ. ಆಗ ಎಲ್ಲ ಊರುಗಳಲ್ಲೂ ಟ್ರ್ಯಾಕ್ಟರ್ ತಂದು ರಸ್ತೆಗೆ, ಗಿಡಗಳಿಗೆ ಸಿಂಪಡಿಸುತ್ತಿದ್ದರು. ಜನರಿಗೂ ಅದು ಬೇಕಿತ್ತು, ಏನೋ ಕೆಲಸ ನಡೀತಿದೆ ಅನ್ನಿಸುತ್ತಿತ್ತು. ಆದರೆ ಬಯಲಲ್ಲಿ ಸಿಂಪಡಿಸೋದರಿಂದ ಪ್ರಯೋಜನ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಆ ಮೇ ತಿಂಗಳಲ್ಲೇ ಹೇಳಿತು. ಮನುಷ್ಯರ ಮೇಲೆ ಸಿಂಪಡಿಸಲೇಬಾರದು ಅಂತ ಕೇಂದ್ರ ಆರೋಗ್ಯ ಸಚಿವಾಲಯ ಏಪ್ರಿಲ್ 18ರಂದೇ ತಿಳಿಸಿತ್ತು. ನಾನು ನನ್ನ ಪಾಲಿನ ದ್ರಾವಣವನ್ನು ನಳದ ಹಿಡಿಕೆ, ಶೌಚಾಲಯದ ಚಿಲಕ, ಬ್ಯಾಂಕಿನ ಬಾಗಿಲು, ರೇಷನ್ ಅಂಗಡಿ ಕಟ್ಟೆ ಒರೆಸೋಕೆ ಬಳಸಿದೆ. ಬಟ್ಟೆ, ಬಕೆಟ್, ಇಬ್ಬರು ಜನ ಸಾಕಾಗುತ್ತಿತ್ತು.

ಪೌರಕಾರ್ಮಿಕರ ಕಷ್ಟವನ್ನು ಹತ್ತಿರದಿಂದ ನೋಡಿದ್ದೇನೆ. ಕ್ವಾರಂಟೈನ್ ಮನೆಗಳ ಕಸ ಹಳದಿ ಚೀಲದಲ್ಲಿ, ಅದೂ ಜೋಡಿ ಚೀಲ, ಬೇರೆ ಗಾಡಿಯಲ್ಲಿ ಹೋಗಬೇಕು. ಅದನ್ನು ಎತ್ತುವವರು ಪಿಪಿಇ ಕಿಟ್ ಹಾಕಬೇಕು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಬಿಸಿಲು 40 ಡಿಗ್ರಿ ದಾಟುತ್ತೆ. ಕಿಟ್ ಬಿಚ್ಚಿದಾಗ ಕೈಗವಸಿನಿಂದ ಬೆವರು ಧಾರೆಯಾಗಿ ಸುರಿಯುತ್ತಿತ್ತು. ಈ ಕೆಲಸವನ್ನು ಬೆಳಗಿನ ಒಂಬತ್ತರೊಳಗೆ ಮುಗಿಸೋದು ಅಂತ ಪಕ್ಕಾ ಮಾಡಿದೆವು. ಆಮೇಲೆ ಉಪ್ಪು ಹಾಕಿದ ಮಜ್ಜಿಗೆ, ನೆರಳು, ಬಟ್ಟೆ ಬದಲಿಸೋಕೆ ಒಂದು ಖೋಲಿ. ಹೆಣ್ಣುಮಕ್ಕಳಿಗೆ ಆ ಖೋಲಿ ಎಷ್ಟು ಮುಖ್ಯ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಆಶಾ ಕಾರ್ಯಕರ್ತೆಯರು ಆ ಜುಲೈನಲ್ಲಿ ತಿಂಗಳಿಗೆ 12,000 ರೂಪಾಯಿ ಗೌರವಧನ ಕೇಳಿ ಮುಷ್ಕರ ಮಾಡಿದರು. ಅವರು ಕೇಳಿದ್ದು ಜಾಸ್ತಿ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ಮೇ ತಿಂಗಳಲ್ಲಿ ಮಹಾರಾಷ್ಟ್ರದಿಂದ ನಮ್ಮವರು ವಾಪಸ್ ಬಂದರು. ದುಡಿಯೋಕೆ ಹೋದ ಮಂದಿ, ಮಕ್ಕಳು ಮರಿ ಸಮೇತ. ಅವರನ್ನು ಹಾಸ್ಟೆಲ್, ವಸತಿ ಶಾಲೆಗಳಲ್ಲಿ ಇರಿಸಿದರು. ಅಲ್ಲಿ ನಾನು ಕೆಲಸ ಮಾಡಿದ್ದು ಕಡಿಮೆ. ಒಂದು ಮಾತು ಮಾತ್ರ ಹೇಳುತ್ತೇನೆ. ಮೂರು ಹೊತ್ತೂ ಅನ್ನ ಕೊಟ್ಟರೆ ನಮ್ಮ ಕಡೆಯವರಿಗೆ ಊಟ ಮಾಡಿದ ಹಾಗೆ ಆಗಲ್ಲ. ರೊಟ್ಟಿ ಬಡಿದು ಮಾರುವ ಹೆಣ್ಣುಮಕ್ಕಳಿಗೆ ಆಗ ಗಿರಾಕಿಯೂ ಇರಲಿಲ್ಲ. ಅವರಿಂದ ಜೋಳದ ರೊಟ್ಟಿ, ಶೇಂಗಾ ಹಿಂಡಿ ತರಿಸಿದ ಮೇಲೆ ಜಗಳ ನಿಂತವು.

ಬಾಗಿಲಿಗೆ ಅಂಟಿಸುತ್ತಿದ್ದ ಪೋಸ್ಟರ್ ನನಗೆ ಮೊದಲಿನಿಂದಲೂ ಒಗ್ಗಲಿಲ್ಲ. ಆ ಚೀಟಿ ಕಂಡ ಮನೆಗೆ ಹಾಲಿನವನೂ ಬರುತ್ತಿರಲಿಲ್ಲ. ಜ್ವರ ಬಂದವರು ಚೀಟಿಗೆ ಹೆದರಿ ಮುಚ್ಚಿಡುತ್ತಿದ್ದರು. 2020ರ ಡಿಸೆಂಬರ್ 9ರಂದು ಸುಪ್ರೀಂ ಕೋರ್ಟ್, ಸಕ್ಷಮ ಪ್ರಾಧಿಕಾರದ ವಿಶೇಷ ಆದೇಶ ಇಲ್ಲದೆ ಅಂಥ ಪೋಸ್ಟರ್ ಅಂಟಿಸಬಾರದು ಅಂತ ಹೇಳಿತು. ಅದು ಏಪ್ರಿಲ್‌ನಲ್ಲೇ ಬಂದಿದ್ದರೆ ಎಷ್ಟೋ ಜನ ಬೇಗ ಪರೀಕ್ಷೆಗೆ ಬರುತ್ತಿದ್ದರು ಅಂತ ಈಗಲೂ ನಂಬಿದ್ದೇನೆ.

2021ರ ಎರಡನೇ ಅಲೆ ಬೇರೆಯದೇ ಥರ. ಏಪ್ರಿಲ್ 27ರ ರಾತ್ರಿಯಿಂದ ಮತ್ತೆ ಬಂದ್. ದಿನಸಿ, ತರಕಾರಿಗೆ ಬೆಳಗ್ಗೆ ಆರರಿಂದ ಹತ್ತು. ನಾಲ್ಕೇ ಗಂಟೆ ಅಂದರೆ ಇಡೀ ಊರು ಮಾರ್ಕೆಟ್‌ಗೆ ಬರುತ್ತೆ. ನನ್ನ ವಾರ್ಡುಗಳಲ್ಲಿ ತಳ್ಳುಗಾಡಿಯವರಿಗೆ ಗಲ್ಲಿ ಹಂಚಿ ಕಳಿಸಿದೆವು. ಆದರೆ ಆ ಸಲದ ದೊಡ್ಡ ಭಾರ ಸಾವು.

ನಮ್ಮಲ್ಲಿ ಹೂಳುವವರೇ ಜಾಸ್ತಿ. ಮುಸ್ಲಿಮರು ಹೂಳುತ್ತಾರೆ, ಲಿಂಗಾಯತರೂ ಹೂಳುತ್ತಾರೆ. ಲಿಂಗಾಯತರಲ್ಲಿ ಕೂರಿಸಿ, ವಿಭೂತಿ ಧರಿಸಿ, ಕೈಯಲ್ಲಿ ಇಷ್ಟಲಿಂಗ ಇಟ್ಟು ಸಮಾಧಿ ಮಾಡುವ ಪದ್ಧತಿ. ಮುಚ್ಚಿದ ಚೀಲದಲ್ಲಿ ಬಂದ ದೇಹವನ್ನು ಕೂರಿಸೋಕಾಗಲ್ಲ. ಮನೆಯವರು ದೂರ ನಿಂತು ಅಳುತ್ತಿದ್ದರು. ದೇಹ ಮುಟ್ಟದೆ ಮಾಡುವ ವಿಧಿಗಳಿಗೆ ಅವಕಾಶ ಇದೆ ಅಂತ ಕೇಂದ್ರದ ಮಾರ್ಗಸೂಚಿಯಲ್ಲೇ ಇತ್ತು. ಮಂತ್ರ ಓದಬಹುದು, ಪವಿತ್ರ ನೀರು ಚಿಮುಕಿಸಬಹುದು. ಆ ಸಾಲನ್ನು ನಾನು ಪ್ರಿಂಟ್ ತೆಗೆಸಿ ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಅವಸರ ಮಾಡುವವರಿಗೆ ತೋರಿಸುತ್ತಿದ್ದೆ. ವಿಭೂತಿ, ಪತ್ರಿ ಕುಣಿಯ ಅಂಚಿನಿಂದ ಹಾಕಿಸಿದೆವು. ಮಗನಿಗೆ ಒಂದು ಹಿಡಿ ಮಣ್ಣು ಹಾಕೋಕೆ ಬಿಟ್ಟೆವು. ಜನಾಜಾ ನಮಾಜಿಗೆ ಅಂತರದ ಗುರುತು ಹಾಕಿಸಿದೆವು. ಹತ್ತು ನಿಮಿಷ ಜಾಸ್ತಿ ಹಿಡಿಯುತ್ತಿತ್ತು, ಅಷ್ಟೇ. ಆ ಹತ್ತು ನಿಮಿಷ ಯಾವ ಮನೆಗೂ ತಪ್ಪಬಾರದು ಅಂತ ನಮ್ಮ ತಂಡದವರು ಹಟ ಹಿಡಿದು ನಿಂತರು. ಆ ವರ್ಷ ಬಸವ ಜಯಂತಿ ಮತ್ತು ರಂಜಾನ್ ಹಬ್ಬ ಎರಡೂ ಮೇ 14ರಂದೇ ಬಂದವು. ಬಸವಣ್ಣನವರು ಹುಟ್ಟಿದ ಜಿಲ್ಲೆಯಲ್ಲಿ ಆ ದಿನವೂ ನಾವು ಸ್ಮಶಾನ, ಕಬರಸ್ತಾನ ಅಂತ ಓಡಾಡಿದೆವು.

ಲಸಿಕೆ ಕೆಲಸ ಜೂನ್ 21ರ ನಂತರ, 18 ದಾಟಿದ ಎಲ್ಲರಿಗೂ ಕೇಂದ್ರದಿಂದಲೇ ಉಚಿತ ಅಂತ ಆದಮೇಲೆ, ಜೋರಾಯಿತು. ಅಲ್ಲಿ ವದಂತಿಗಿಂತ ದೊಡ್ಡ ಅಡ್ಡಿ ಕೂಲಿ. ಚುಚ್ಚಿಸಿಕೊಂಡರೆ ಜ್ವರ ಬರುತ್ತೆ, ಮರುದಿನದ ಪಗಾರ ಹೋಗುತ್ತೆ. ರಜೆಯ ಹಿಂದಿನ ಸಂಜೆ ಗಲ್ಲಿಯ ಶಾಲೆಯಲ್ಲೋ ಗುಡಿಯ ಸಭಾಂಗಣದಲ್ಲೋ ಮದರಸಾದಲ್ಲೋ ಕ್ಯಾಂಪ್ ಇಟ್ಟಾಗ ಜನ ಬಂದರು. ಕೋವಿಶೀಲ್ಡ್ ಎರಡನೇ ಡೋಸಿಗೆ 12ರಿಂದ 16 ವಾರದ ಅಂತರ ಮಾಡಿದ್ದರು. ಅಷ್ಟು ದಿನದಲ್ಲಿ ಜನ ಮರೆಯುತ್ತಾರೆ, ನಂಬರ್ ಬದಲಿಸುತ್ತಾರೆ. ನಮ್ಮ ಲೆಡ್ಜರ್ ಪುಟಗಳಲ್ಲಿ ತಾರೀಖು ಬರೆದಿಟ್ಟಿದ್ದರಿಂದ ಬಾಗಿಲು ಬಡಿದು ಕರೆಯೋಕಾಯಿತು.

ಆ ಪುಟಗಳನ್ನು ನಾವು ಬಿಡಲಿಲ್ಲ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿದಾಗ ಅವುಗಳಿಗೆ ಇನ್ನೊಂದು ಕಾಲಂ ಸೇರಿತು: ಮನೆಯಲ್ಲಿ ಎಷ್ಟು ಬ್ಯಾರೆಲ್, ಎಷ್ಟು ತೊಟ್ಟಿ. ನೀರು ದಿನಗಟ್ಟಲೆ ಬಾರದ ಊರಲ್ಲಿ ಜನ ನೀರು ತುಂಬಿ ಇಡಲೇಬೇಕು. ಈಡಿಸ್ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬಲಿಯೋಕೆ ಒಂದು ವಾರ, ಹತ್ತು ದಿನ ಸಾಕು. ಸುಮ್ನೆ 'ನೀರು ಸಂಗ್ರಹಿಸಬೇಡಿ' ಅಂತ ಮೈಕಿನಲ್ಲಿ ಕೂಗಿದರೆ ಯಾರು ಕೇಳುತ್ತಾರೆ? ನೀರು ಬಿಡುವ ಹಿಂದಿನ ದಿನ ಆ ಗಲ್ಲಿಗೆ ಹೋಗಿ, ತಳದಲ್ಲಿ ಉಳಿದದ್ದನ್ನು ಚೆಲ್ಲಿಸಿ, ಬ್ಯಾರೆಲ್ ಒಳಮೈ ತಿಕ್ಕಿಸಿ, ಬಟ್ಟೆ ಕಟ್ಟಿಸಿ ಬರುತ್ತೇವೆ. ನಾಳೆ ಯಾವ ಗಲ್ಲಿಯ ಪಾಳಿ ಅಂತ ವಾಲ್‌ಮನ್ ಹಿಂದಿನ ರಾತ್ರಿಯೇ ಆಶಾ ಅಕ್ಕನಿಗೆ ಫೋನ್ ಮಾಡಿ ಹೇಳಿರುತ್ತಾನೆ.